ಊರಿನ ಪಿಂಜರಾಪೋಲನ್ನು ಕಟ್ಟಿದವರು ಯಾರು? ಮರೆತ ಚರಿತ್ರೆಯನ್ನು ಹುಡುಕುವ ವಿಧಾನ

ಕರ್ನಾಟಕದ ಹಳೆಯ ವ್ಯಾಪಾರದ ಊರುಗಳ ಅಂಚಿನಲ್ಲಿ ಒಂದು ಪಿಂಜರಾಪೋಲೋ, ಗೋಶಾಲೆಯೋ, ಪ್ರಾಣಿ ದಯಾ ಸಂಘದ ಆವರಣವೋ ಕಾಣಸಿಗುವುದು ಅಪರೂಪವಲ್ಲ. ಉಳಲಾರದ ಎತ್ತು, ಕಾಲು ಮುರಿದ ಜಟಕಾ ಕುದುರೆ, ವಾರಸುದಾರರಿಲ್ಲದ ನಾಯಿ ಇವಕ್ಕೆಲ್ಲ ತಲೆಮಾರುಗಳಿಂದ ಆಸರೆಯಾದ ಈ ಜಾಗಗಳನ್ನು ಯಾರು ಆರಂಭಿಸಿದರೆಂದು ಊರಿನಲ್ಲಿ ವಿಚಾರಿಸಿದರೆ, "ಯಾರೋ ಸೇಟುಗಳು ಮಾಡಿದ್ದು", "ಮಹಾರಾಜರ ಕಾಲದ್ದು", "ಒಬ್ಬ ದೊರೆಸಾನಿ ಶುರುಮಾಡಿದ್ದಂತೆ" ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಈ ಮೂರು ಉತ್ತರಗಳಲ್ಲಿಯೂ ಸ್ವಲ್ಪ ಸತ್ಯಾಂಶ ಇರಬಹುದು. ಅದನ್ನು ದಾಖಲೆಗಳ ಮೂಲಕ ಪರೀಕ್ಷಿಸಲು ಬಯಸುವ ಶಿಕ್ಷಕರು, ವಿದ್ಯಾರ್ಥಿಗಳು, ಸಂಸ್ಥೆಯ ಸ್ವಯಂಸೇವಕರು ಮತ್ತು ಸ್ಥಳೀಯ ಚರಿತ್ರೆಯ ಆಸಕ್ತರಿಗಾಗಿ ಈ ಬರಹ.

ಹೆಚ್ಚಿನವರು ಸಂಸ್ಥಾಪಕನ ಹೆಸರಿನಿಂದ ಹುಡುಕಾಟ ಆರಂಭಿಸುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು. ಮೊದಲು ಜಮೀನನ್ನು ಹುಡುಕಬೇಕು, ಆಮೇಲೆ ಹಣವನ್ನು, ಕೊನೆಯಲ್ಲಿ ಮನುಷ್ಯನನ್ನು. ಹೆಸರನ್ನು ಊರು ಎರಡು ತಲೆಮಾರಿನಲ್ಲಿ ಮರೆತುಬಿಡುತ್ತದೆ, ಇಲ್ಲವೇ ಇನ್ನೊಬ್ಬರ ಹೆಸರನ್ನು ಆ ಜಾಗದಲ್ಲಿ ಕೂರಿಸುತ್ತದೆ. ಕಂದಾಯ ಕಟ್ಟಬೇಕಾದ, ಅಥವಾ ಕಂದಾಯದ ವಿನಾಯಿತಿ ಕೇಳಬೇಕಾದ ಜಮೀನನ್ನು ಮಾತ್ರ ಯಾವ ಸರ್ಕಾರವೂ ಮರೆಯುವುದಿಲ್ಲ.

ಸಂಸ್ಥೆಯ ಜಾತಕ

ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದು ಸಂಸ್ಥೆ ಯಾವ ಪರಂಪರೆಗೆ ಸೇರಿದ್ದು ಎಂಬುದನ್ನು ಅವಲಂಬಿಸಿದೆ. ಪಿಂಜರಾಪೋಲ್ ಎಂಬುದು ಗುಜರಾತಿ, ಕಚ್ಛಿ ಮತ್ತು ಮಾರವಾಡಿ ವರ್ತಕರು, ಅದರಲ್ಲಿಯೂ ಜೈನರು, ತಾವು ನೆಲೆಸಿದ ಊರುಗಳಿಗೆಲ್ಲ ಕೊಂಡೊಯ್ದ ಸಂಸ್ಥೆ. ಮುಂಬಯಿಯ ಪಿಂಜರಾಪೋಲ್ ಆರಂಭವಾದದ್ದು 1834ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಬೀದಿನಾಯಿಗಳನ್ನು ಕೊಲ್ಲಿಸುವ ಸರ್ಕಾರಿ ಕ್ರಮದ ವಿರುದ್ಧ ಆ ನಗರದಲ್ಲಿ ದೊಡ್ಡ ಗಲಭೆಯೇ ನಡೆದಿತ್ತು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಮೈಸೂರು ಪಿಂಜರಾಪೋಲ್ ಇದೇ ಪರಂಪರೆಯದು.

ಪ್ರಾಣಿ ದಯಾ ಸಂಘಗಳ ಮೂಲ ಬೇರೆ. ಲಂಡನ್ನಿನಲ್ಲಿ 1824ರಲ್ಲಿ ಹುಟ್ಟಿದ ಸಂಘದ ಮಾದರಿಯನ್ನು ಅನುಸರಿಸಿ ಕಲ್ಕತ್ತೆಯಲ್ಲಿ 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ ಮೊದಲ ಸಂಘವನ್ನು ಕಟ್ಟಿದ. ಆಮೇಲೆ ಮುಂಬಯಿ, ಮದರಾಸುಗಳಲ್ಲಿಯೂ ದಂಡುಪ್ರದೇಶಗಳಲ್ಲಿಯೂ ಇಂಥ ಸಂಘಗಳು ತಲೆಯೆತ್ತಿದವು. ಪಿಂಜರಾಪೋಲಿನ ಮುಖ್ಯ ಕೆಲಸ ಪ್ರಾಣಿಯನ್ನು ಅದರ ಸಾವಿನವರೆಗೆ ಸಾಕುವುದು. ದಯಾ ಸಂಘದ ಮುಖ್ಯ ಕೆಲಸ ಗಾಡಿಯವನ ಮೇಲೆ ಮೊಕದ್ದಮೆ ಹೂಡುವುದು. ಹಾಗಾಗಿ ಮೊದಲನೆಯದರ ದಾಖಲೆಗಳು ಮಂಡಿ, ಬಸದಿ ಮತ್ತು ಲೆಕ್ಕದ ಪುಸ್ತಕಗಳಲ್ಲಿ ಸಿಗುತ್ತವೆ. ಎರಡನೆಯದರ ದಾಖಲೆಗಳನ್ನು ಪೊಲೀಸು, ಮ್ಯಾಜಿಸ್ಟ್ರೇಟು ಮತ್ತು ಪುರಸಭೆಯ ಕಡತಗಳಲ್ಲಿ ಅರಸಬೇಕು.

ಇವೆರಡರ ಜೊತೆಗೆ ಕೊಂಡವಾಡವನ್ನೂ ಲೆಕ್ಕಕ್ಕೆ ಹಿಡಿಯಬೇಕು. 1871ರ ದನಗಳ ಅತಿಕ್ರಮ ಪ್ರವೇಶ ಕಾಯ್ದೆಯಂತೆ, ಬೆಳೆ ಮೇಯ್ದ ದನಗಳನ್ನು ಕೂಡಿಹಾಕಿ ದಂಡ ವಸೂಲು ಮಾಡುತ್ತಿದ್ದ ಸರ್ಕಾರಿ ದೊಡ್ಡಿ ಅದು; ದಯೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ "ಅಲ್ಲಿ ಮೊದಲಿನಿಂದಲೂ ದನಗಳನ್ನು ಕಟ್ಟುತ್ತಿದ್ದರು" ಎಂಬ ಹಿರಿಯರ ಮಾತನ್ನು ನಂಬಿ, ಕೊಂಡವಾಡದ ಕಾಲವನ್ನೂ ಗೋಶಾಲೆಯ ವಯಸ್ಸಿಗೆ ಸೇರಿಸಿಬಿಡುವ ಅಪಾಯವಿದೆ. ಶತಮಾನೋತ್ಸವದ ಸ್ಮರಣ ಸಂಚಿಕೆಗಳನ್ನು ಓದುವಾಗ ಈ ಸಂಶಯ ಜೊತೆಗಿರಲಿ.

ಆಗ ಅಲ್ಲಿ ಯಾರ ಆಡಳಿತವಿತ್ತು?

1956ರ ನವೆಂಬರ್ 1ರ ಮೊದಲು ಈಗಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತೆಂಬುದು ಎಲ್ಲರಿಗೂ ತಿಳಿದ ಸಂಗತಿಯಾದರೂ, ಹುಡುಕಾಟಕ್ಕೆ ಹೊರಟಾಗ ಇದನ್ನು ಮರೆತು ಬೆಂಗಳೂರಿಗೇ ಓಡುವವರು ಹೆಚ್ಚು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡದ ಸಂಸ್ಥೆಯಾದರೆ ಮುಂಬಯಿ ಪ್ರಾಂತದ ಕಾಗದಗಳನ್ನು ನೋಡಬೇಕು, ಎಂದರೆ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾಗಬಹುದು. ಈ ಭಾಗದ ಹಳೆಯ ಕಂದಾಯದ ಕಾಗದಗಳಲ್ಲಿ ಮರಾಠಿಯನ್ನು ಕೂಡಿಸಿ ಬರೆಯುತ್ತಿದ್ದ ಮೋಡಿ ಲಿಪಿ ಎದುರಾಗುವುದರಿಂದ ಅದನ್ನು ಓದಬಲ್ಲ ಹಿರಿಯರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಅವುಗಳ ಕಾಗದಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವೇ ಗತಿ. ಬೀದರ್, ಕಲಬುರಗಿ, ರಾಯಚೂರುಗಳ ನಿಜಾಮ ಕಾಲದ ದಾಖಲೆಗಳು ಪರ್ಷಿಯನ್ ಮತ್ತು ಉರ್ದು ಭಾಷೆಗಳಲ್ಲಿವೆ, ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿವೆ. ಕೊಡಗು ಪ್ರತ್ಯೇಕ ಪ್ರಾಂತವಾಗಿತ್ತು.

ಬೆಂಗಳೂರಿನ ವಿಷಯ ಇನ್ನೂ ಸೂಕ್ಷ್ಮವಾದುದು. 1947ರ ಜುಲೈವರೆಗೆ ಈ ಊರು ಎರಡು ಆಡಳಿತಗಳ ನಡುವೆ ಹಂಚಿಹೋಗಿತ್ತು: ಪೇಟೆಯ ಕಡೆಯ ನಗರ ಮೈಸೂರು ಸಂಸ್ಥಾನದ್ದು, ದಂಡು ಎನಿಸಿದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರದು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದು, ಅವು ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆದ್ದರಿಂದ ದಂಡಿನ ಪ್ರದೇಶದಲ್ಲಿ ಹುಟ್ಟಿದ ಪ್ರಾಣಿ ಸಂಸ್ಥೆಯೊಂದರ ಬಗ್ಗೆ ಮೈಸೂರು ಸರ್ಕಾರದ ಕಡತಗಳಲ್ಲಿ ಏನೂ ಸಿಗದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಮೈಸೂರು ರೆಸಿಡೆನ್ಸಿಯ ಕಾಗದಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ದೆಹಲಿಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಕಡತಗಳ ಶೀರ್ಷಿಕೆಗಳನ್ನು ಮನೆಯಲ್ಲಿಯೇ ಕುಳಿತು ಹುಡುಕಬಹುದು. ಪ್ರಯಾಣಕ್ಕೆ ಮೊದಲು ಅಲ್ಲಿ ಒಂದು ಸಂಜೆ ಕಳೆದರೆ ರೈಲಿನ ಖರ್ಚು ಉಳಿದೀತು.

ಜಮೀನು

ಸಂಸ್ಥೆ ನಿಂತಿರುವ ನೆಲದ ಸರ್ವೆ ನಂಬರನ್ನು ಮೊದಲು ಪಡೆಯಿರಿ. ಈಗಿನ ಪಹಣಿ 'ಭೂಮಿ' ಗಣಕ ವ್ಯವಸ್ಥೆಯಲ್ಲಿ ಕ್ಷಣದಲ್ಲಿ ಸಿಗುತ್ತದೆ. ಆದರೆ ಅದರಲ್ಲಿ ಹೆಚ್ಚೆಂದರೆ ಇತ್ತೀಚಿನ ಎರಡು ದಶಕಗಳ ಕಥೆಯಿರುತ್ತದೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ವಹಿ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯಗಳ ವಹಿ) ಮತ್ತು ಸರ್ವೆ ಟಿಪ್ಪಣಿಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೂ ಭೂದಾಖಲೆಗಳ ಕಚೇರಿಗೂ ಅರ್ಜಿ ಕೊಡಬೇಕು. ಪಹಣಿಯ ಒಡೆತನದ ಕಾಲಮ್ಮಿನಲ್ಲಿ ಸಂಸ್ಥೆಯ ಹೆಸರು ಮೊದಲು ಕಾಣಿಸಿಕೊಂಡ ವರ್ಷವನ್ನೂ, ಅದರ ಹಿಂದಿನ ಸಾಲಿನಲ್ಲಿ ಯಾರ ಹೆಸರಿತ್ತೆಂಬುದನ್ನೂ ಗುರುತುಹಾಕಿಕೊಳ್ಳಿ. ಆ ಹಿಂದಿನ ಹೆಸರೇ ಅನೇಕ ಸಲ ನಿಮ್ಮ ಮೊದಲ ಸುಳಿವಾಗುತ್ತದೆ.

ಹಿಂದಿನ ಸಾಲಿನಲ್ಲಿ ವ್ಯಕ್ತಿಯ ಹೆಸರಿದ್ದರೆ ಮುಂದಿನ ದಾರಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತದೆ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಪತ್ರಗಳು ಒಂದನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಅದರ ಸೂಚಿಗಳಲ್ಲಿ ಒಂದು ಪಕ್ಷಕಾರರ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ ಇರುತ್ತದೆ. ಶುಲ್ಕ ಕಟ್ಟಿದ ಯಾರೇ ಆಗಲಿ ಇವುಗಳನ್ನು ಪರಿಶೀಲಿಸಬಹುದು ಎಂಬುದು 57ನೆಯ ಕಲಮಿನಲ್ಲಿಯೇ ಇದೆ. ಉಯಿಲುಗಳನ್ನು ಮೂರನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಬರೆಸಿದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ, ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ. ಮಕ್ಕಳಿಲ್ಲದ ಎಷ್ಟೋ ದಾನಿಗಳು ತಮ್ಮ ತೋಟವನ್ನೋ ಖಾಲಿ ನಿವೇಶನವನ್ನೋ ಉಯಿಲಿನ ಮೂಲಕ ಧರ್ಮಕ್ಕೆ ಬಿಡುತ್ತಿದ್ದುದರಿಂದ ಈ ಮೂರನೆಯ ಪುಸ್ತಕವನ್ನು ಬಿಟ್ಟು ಮುಂದೆ ಹೋಗಬಾರದು. ದಾನಪತ್ರದಲ್ಲಿ ದಾನಿಯ ತಂದೆಯ ಹೆಸರು, ಕಸುಬು, ವಾಸದ ಬೀದಿ, ಸಾಕ್ಷಿಗಳ ಸಹಿ, ಆಸ್ತಿಯ ನಾಲ್ಕು ಎಲ್ಲೆಗಳನ್ನು ಹೇಳುವ ಚೆಕ್ಕುಬಂದಿ ಎಲ್ಲವೂ ಇರುತ್ತವೆ. ಸಾಕ್ಷಿ ಹಾಕಿದವರೇ ಮುಂದೆ ಸಂಸ್ಥೆಯ ಮೊದಲ ಸಮಿತಿಯಲ್ಲಿ ಕಾಣಿಸಿಕೊಂಡರೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಎಳೆ ಸಿಕ್ಕಿತೆಂದೇ ತಿಳಿಯಬೇಕು.

ಜಮೀನು ಸರ್ಕಾರದಿಂದ ಬಂದದ್ದಾದರೆ, ಎಂದರೆ ಗೋಮಾಳ, ಕಾವಲು ಅಥವಾ ಇನಾಮಿನಿಂದ ಬಂದದ್ದಾದರೆ, ಬೇರೆ ಎರಡು ಕಡತಗಳು ತುಂಬ ಫಲವತ್ತಾದವು. ಹಳೆಯ ಮೈಸೂರಿನ ಭಾಗದಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮು ರದ್ದಿಯಾತಿ ಕಾಯ್ದೆ ಬಂದಾಗ, ಇನಾಮು ಹೊಂದಿದ್ದ ಸಂಸ್ಥೆಗಳು ತಮ್ಮ ಹಕ್ಕನ್ನು ಅಧಿಕಾರಿಯ ಮುಂದೆ ದಾಖಲೆ ಸಮೇತ ಸಾಬೀತು ಮಾಡಬೇಕಾಯಿತು. ಇಂಥ ಅರ್ಜಿಗಳಿಗೆ ಇನಾಮು ಕೊಟ್ಟ ಮೂಲ ಸನ್ನದಿನ (ಅಧಿಕೃತ ದಾನಪತ್ರದ) ನಕಲು ಲಗತ್ತಾಗಿರುವ ಸಂಭವ ಉಂಟು. ಎರಡನೆಯದು ಭೂಸುಧಾರಣೆಯ ಕಡತ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ತರುವಾಯ ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರು. ಪಿಂಜರಾಪೋಲು ತನ್ನ ಹುಲ್ಲುಗಾವಲನ್ನು ಯಾರಿಗಾದರೂ ಗೇಣಿಗೆ ಕೊಟ್ಟಿದ್ದರೆ ಆ ವಿವಾದ ಭೂನ್ಯಾಯಮಂಡಳಿಯ ಮುಂದೆ ಬಂದಿರುತ್ತದೆ, ಅಲ್ಲಿ ಎರಡೂ ಕಡೆಯವರು ಜಮೀನಿನ ಪೂರ್ವೋತ್ತರವನ್ನು ಹೇಳಿಕೆಯಾಗಿ ಕೊಟ್ಟಿರುತ್ತಾರೆ. ಜಗಳವಿದ್ದಲ್ಲಿ ಜನ ವಿವರವಾಗಿ ಮಾತಾಡುತ್ತಾರೆ, ಗುಮಾಸ್ತ ಅದನ್ನೆಲ್ಲ ಬರೆದುಕೊಳ್ಳುತ್ತಾನೆ; ಸ್ಥಳೀಯ ಚರಿತ್ರೆಕಾರರ ಪಾಲಿಗೆ ವ್ಯಾಜ್ಯಕ್ಕಿಂತ ದೊಡ್ಡ ಉಪಕಾರಿ ಇಲ್ಲ.

ಕಚೇರಿಯಲ್ಲಿ "ಹಳೆಯ ಕಡತ ಸಿಗುವುದಿಲ್ಲ" ಎಂಬ ಉತ್ತರ ಬಂದರೆ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಆದುದರಿಂದ ಪಹಣಿಗೆ ಒಂದು, ಮಂಜೂರಾತಿ ಆದೇಶಕ್ಕೆ ಇನ್ನೊಂದು ಎಂದು ಬೇರೆಬೇರೆ ಬರೆಯಬೇಕು. "ಸಂಸ್ಥೆಯ ಇತಿಹಾಸ ತಿಳಿಸಿ" ಎಂದು ಕೇಳಿದರೆ ಏನೂ ಬರುವುದಿಲ್ಲ. ಸರ್ವೆ ನಂಬರು, ಗ್ರಾಮ, ಹೋಬಳಿ, ವರ್ಷದ ವ್ಯಾಪ್ತಿಗಳನ್ನು ನಮೂದಿಸಿ, ನಕಲಿನ ಬದಲು ಕಡತ ಪರಿಶೀಲನೆಗೆ ಅವಕಾಶ ಕೇಳುವುದು ಲೇಸು. ಕಡತವನ್ನು ಸ್ವತಃ ತಿರುವಿಹಾಕಿದಾಗ ನೀವು ಕೇಳಬೇಕೆಂದು ಊಹಿಸಿಯೂ ಇರದ ಕಾಗದ ಕಣ್ಣಿಗೆ ಬೀಳಬಹುದು.

ಹಣ ಬಂದ ದಾರಿ

ಜಮೀನನ್ನು ಒಬ್ಬರು ಕೊಡಬಹುದು; ಮುದಿ ದನಗಳಿಗೆ ವರ್ಷವಿಡೀ ಮೇವು ಹಾಕುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಮುಂಬಯಿಯ ಪಿಂಜರಾಪೋಲಿನ ಸ್ಥಾಪಕರೆಂದು ಪಾರಸಿ ವರ್ತಕ ಜಮ್ಶೇಟ್‌ಜಿ ಜೀಜೀಭಾಯಿ ಮತ್ತು ಜೈನ ವರ್ತಕ ಅಮೀಚಂದ್ ಶಾ ಅವರನ್ನು ಹೆಸರಿಸುತ್ತಾರೆ. ಆದರೆ ಅದು ನಿಂತದ್ದು ಹತ್ತಿ, ಸಕ್ಕರೆ ಮುಂತಾದ ಸರಕುಗಳ ವ್ಯಾಪಾರದ ಮೇಲೆ ವರ್ತಕರು ತಾವೇ ಹಾಕಿಕೊಂಡ ಲಾಗಾ ಎಂಬ ವಂತಿಗೆಯ ಹಣದಿಂದ. ನಮ್ಮ ಮಂಡಿಗಳಲ್ಲಿಯೂ ಬಿಲ್ಲಿನ ಕೊನೆಯಲ್ಲಿ 'ಧರ್ಮಾದಾಯ' ಎಂದು ಕೆಲವು ಕಾಸು ಸೇರಿಸುವ ಪದ್ಧತಿಯಿತ್ತು. ನಿಮ್ಮದು ಹತ್ತಿ, ಶೇಂಗಾ, ಬೆಲ್ಲ ಅಥವಾ ಅಡಿಕೆಯ ಪೇಟೆಯಾಗಿದ್ದರೆ ಹಳೆಯ ಮಂಡಿ ಮನೆತನಗಳಲ್ಲಿ ಉಳಿದಿರುವ ರೋಜುಗಳನ್ನೂ (ದಿನದ ಲೆಕ್ಕದ ಪುಸ್ತಕಗಳು) ಖಾತೆ ಪುಸ್ತಕಗಳನ್ನೂ ನೋಡಲು ವಿನಯದಿಂದ ಅನುಮತಿ ಕೇಳಿ. ಲೆಕ್ಕ ತೋರಿಸುವುದಕ್ಕೆ ವ್ಯಾಪಾರಸ್ಥರು ಹಿಂಜರಿಯುವುದು ಸಹಜ; ಎಪ್ಪತ್ತು ವರ್ಷಕ್ಕಿಂತ ಹಿಂದಿನ ಪುಸ್ತಕವಷ್ಟೇ ಸಾಕೆಂದರೆ ಆ ಸಂಕೋಚ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಗುಜರಾತಿ ಮತ್ತು ಮಾರವಾಡಿ ಲೆಕ್ಕಗಳಲ್ಲಿ ವಿಕ್ರಮ ಸಂವತ್ ಇರುತ್ತದೆ. ಅದರಿಂದ 57 ಕಳೆದರೆ ಸ್ಥೂಲವಾಗಿ ಕ್ರಿಸ್ತಶಕ ಸಿಗುತ್ತದೆ, ಜನವರಿಯಿಂದ ಆ ಸಂವತ್ ವರ್ಷ ಮುಗಿಯುವವರೆಗಿನ ತಿಂಗಳುಗಳಿಗೆ 56 ಕಳೆಯಬೇಕು.

ಪ್ರಾಣಿ ದಯಾ ಸಂಘವಾದರೆ ಪುರಸಭೆಯ ಆಯವ್ಯಯದಲ್ಲಿ ವಾರ್ಷಿಕ ಅನುದಾನದ ಸಾಲನ್ನು ಹುಡುಕಬೇಕು. ಪುರಸಭೆಯ ನಡವಳಿ ಪುಸ್ತಕದಲ್ಲಿ ಅನುದಾನ ಕೇಳಿದ ಅರ್ಜಿದಾರನ ಹೆಸರಿರುತ್ತದೆ. ಕೇಳಿದಾತ ಕಾರ್ಯದರ್ಶಿಯಾಗಿರಬಹುದು, ಪೋಷಕನಾಗಿರಬಹುದು. 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಚನೆಯಾಗಿ ರುಕ್ಮಿಣಿ ದೇವಿ ಅರುಂಡೇಲ್ ಅದರ ಮೊದಲ ಅಧ್ಯಕ್ಷೆಯಾದ ಮೇಲೆ ದೇಶದ ಪ್ರಾಣಿ ಸಂಸ್ಥೆಗಳಿಗೆ ಮಾನ್ಯತೆ ಮತ್ತು ಅನುದಾನ ಸಿಗುವ ದಾರಿ ತೆರೆಯಿತು. ಅಲ್ಲಿಗೆ ಹೋದ ಅರ್ಜಿಯ ನಕಲು ಸಂಸ್ಥೆಯ ಬೀರುವಿನಲ್ಲಿ ಇದ್ದರೂ ಇರಬಹುದು.

ನೋಂದಣಿ, ಗೆಜೆಟ್, ಪತ್ರಿಕೆ

ಸಂಘವಾಗಿ ನೋಂದಣಿಯಾಗಿದ್ದರೆ ಅದರ ಜ್ಞಾಪನಪತ್ರಕ್ಕೆ ಕನಿಷ್ಠ ಏಳು ಮಂದಿ ಸಹಿ ಹಾಕಿರಬೇಕು. ಬ್ರಿಟಿಷ್ ಭಾಗಗಳಲ್ಲಿ 1860ರ ಕಾಯ್ದೆ, ಮೈಸೂರಿನಲ್ಲಿ 1904ರ ರೆಗ್ಯುಲೇಷನ್, ಆಮೇಲೆ ಇಡೀ ರಾಜ್ಯಕ್ಕೆ 1960ರ ಕಾಯ್ದೆ ಇದಕ್ಕೆ ಆಧಾರ. ಮುಂಬಯಿ ಕರ್ನಾಟಕದಲ್ಲಿ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ (ಟ್ರಸ್ಟುಗಳ) ಕಾಯ್ದೆಯಂತೆ ನ್ಯಾಸವಾಗಿ ದಾಖಲಾಗಿರಬಹುದು. ಜ್ಞಾಪನಪತ್ರದಲ್ಲಿ ಮೊದಲ ಆಡಳಿತ ಸಮಿತಿಯವರ ಹೆಸರು, ವಿಳಾಸ, ವೃತ್ತಿ ಇರುತ್ತವೆ. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಕಚೇರಿಯಿಂದ ಇದರ ದೃಢೀಕೃತ ನಕಲನ್ನು ಪಡೆಯಬಹುದು.

ನೋಂದಣಿಯ ದಿನವನ್ನು ಸ್ಥಾಪನೆಯ ದಿನವೆಂದು ತಿಳಿಯಕೂಡದು. ಚೆನ್ನೈನ ಬ್ಲೂ ಕ್ರಾಸ್ ಆಫ್ ಇಂಡಿಯಾ ಎಂಬ ಪ್ರಾಣಿ ಸಂಸ್ಥೆ ಆರಂಭವಾದದ್ದು 1959ರಲ್ಲಿ, ನೋಂದಣಿಯಾದದ್ದು 1964ರಲ್ಲಿ. ನಡುವಿನ ಆ ವರ್ಷಗಳಲ್ಲಿ ಕೆಲಸ ನಡೆಯುತ್ತಿದ್ದುದು ಒಂದು ಮನೆಯಲ್ಲಿ. ಮನೆಯಲ್ಲಿ ನಡೆಯುವ ಕೆಲಸಕ್ಕೆ ಸರ್ಕಾರಿ ಕಾಗದ ಹುಟ್ಟುವುದಿಲ್ಲ. ಆ ಅವಧಿಯನ್ನು ಪತ್ರಗಳು, ಫೋಟೋಗಳು ಮತ್ತು ಪತ್ರಿಕೆಗಳಿಂದ ತುಂಬಿಕೊಳ್ಳಬೇಕು.

ಮೈಸೂರು ಸಂಸ್ಥಾನದ ಮಟ್ಟಿಗೆ ಅಚ್ಚಾದ ಸಾಮಗ್ರಿ ಧಾರಾಳವಾಗಿದೆ. ವಾರ್ಷಿಕ ಆಡಳಿತ ವರದಿಗಳು, ಮೈಸೂರು ಗೆಜೆಟ್, 1881ರಿಂದ ಸೇರುತ್ತ ಬಂದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು ಇವುಗಳಲ್ಲಿ ಮುಖ್ಯವಾದವು. ಇವನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಮಿಥಿಕ್ ಸೊಸೈಟಿಯ ಗ್ರಂಥಾಲಯ ಮುಂತಾದೆಡೆ ಹುಡುಕಬಹುದು. ಅನೇಕ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿದ್ದಾರೆ. ಪ್ರಜಾಪ್ರತಿನಿಧಿ ಸಭೆಯ ನಡವಳಿಗಳಲ್ಲಿ ನಿಮ್ಮ ತಾಲ್ಲೂಕಿನ ಪ್ರತಿನಿಧಿಗಳು ಎತ್ತಿದ ಬೇಡಿಕೆಗಳನ್ನು ಒಂದೊಂದಾಗಿ ಓದಿ. ಗೋಮಾಳ, ಮೇವು, ದನದ ಆಸ್ಪತ್ರೆಗಳ ಮಾತು ಬಂದಲ್ಲೆಲ್ಲ ನಿಲ್ಲಿ.

ಪತ್ರಿಕೆಗಳ ವಿಷಯದಲ್ಲಿ ನಿಮ್ಮ ಪ್ರದೇಶದ ಪತ್ರಿಕೆ ಯಾವುದೆಂದು ತಿಳಿದಿರಬೇಕು. ಮೈಸೂರಿನ ಕಡೆಗೆ 'ಮೈಸೂರು ಸ್ಟಾರ್', 'ವೃತ್ತಾಂತ ಪತ್ರಿಕೆ', 'ಸಂಪದಭ್ಯುದಯ'. ಬೆಂಗಳೂರಿಗೆ 'ವಿಶ್ವ ಕರ್ನಾಟಕ', 'ತಾಯಿನಾಡು', 1948ರ ಮೇಲೆ 'ಪ್ರಜಾವಾಣಿ'. ಹುಬ್ಬಳ್ಳಿಯ ಕಡೆಗೆ 'ಸಂಯುಕ್ತ ಕರ್ನಾಟಕ'. ಮಂಗಳೂರಿಗೆ 'ಸ್ವದೇಶಾಭಿಮಾನಿ', 'ನವಭಾರತ'. ಇಡೀ ವರ್ಷದ ಸಂಚಿಕೆಗಳನ್ನು ತಿರುವಿಹಾಕುವ ಸಾಹಸ ಬೇಡ. ಜಮೀನಿನ ದಾಖಲೆಯಿಂದ ಸಿಕ್ಕ ದಿನಾಂಕದ ಆಚೀಚೆ ಮೂರು ತಿಂಗಳು, ಬರಗಾಲದ ವರ್ಷಗಳ ಬೇಸಿಗೆ, ಮತ್ತು ಗೊತ್ತಿದ್ದರೆ ದಾನಿ ತೀರಿಕೊಂಡ ವಾರ, ಇಷ್ಟನ್ನು ನೋಡಿದರೆ ಸಾಕು. ಹುಡುಕುವಾಗ ಗೋಶಾಲೆ, ಪಿಂಜರಾಪೋಲ್, ಪ್ರಾಣಿ ದಯಾ ಸಂಘ, ಜೀವದಯಾ ಮಂಡಳಿ, ಪಶುಶಾಲೆ ಎಂಬ ಎಲ್ಲ ಹೆಸರುಗಳನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಂಗ್ಲಿಷಿನ ಗೆಜೆಟ್‌ಗಳಲ್ಲಿ ಶೆಟ್ಟಿ ಎಂಬುದು ಚೆಟ್ಟಿಯಾಗಿಯೂ, ಶಾ ಎಂಬುದು ಸಾಹ್ ಆಗಿಯೂ ಕಾಣಿಸಿಕೊಂಡೀತೆಂಬ ಎಚ್ಚರವಿರಬೇಕು.

ಸಂಸ್ಥಾಪಕ ಎಂದರೆ ಯಾರು?

ಇಷ್ಟಾದ ಮೇಲೆ ನಿಮ್ಮ ಮುಂದೆ ಒಂದಕ್ಕಿಂತ ಹೆಚ್ಚು ಹೆಸರುಗಳಿರುತ್ತವೆ: ನೆಲ ಕೊಟ್ಟವರು, ಹಣ ಕೂಡಿಸಿದವರು, ಸಹಿ ಹಾಕಿದವರು, ಬಾಗಿಲಿನ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರು, ದಿನವೂ ಬಂದು ಗಾಯ ತೊಳೆದವರು. ಶಿಲಾಫಲಕವನ್ನು ನಾನು ಕಟ್ಟಕಡೆಯ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ. ಅದು ಉದ್ಘಾಟನೆಯ ದಿನದ ಗಣ್ಯರನ್ನು ಹೇಳುತ್ತದೆ, ಕೆಲಸವನ್ನಲ್ಲ. ಆದರೂ ಅದರಿಂದ ಒಂದು ಉಪಯೋಗವುಂಟು. ಹೆಸರಿನ ಜೊತೆ ಬಿರುದಿದ್ದರೆ ಕಾಲ ನಿರ್ಣಯ ಸುಲಭವಾಗುತ್ತದೆ. ಮೈಸೂರಿನ ದಾನಿ ಡಿ. ಬನುಮಯ್ಯನವರಿಗೆ ಇದ್ದ 'ಧರ್ಮಪ್ರಕಾಶ'ದಂಥ ಬಿರುದನ್ನು ಕಲ್ಲಿನ ಮೇಲೆ ಕಂಡರೆ, ಬಿರುದು ದೊರೆತ ವರ್ಷಕ್ಕಿಂತ ಹಿಂದೆ ಆ ಕಲ್ಲು ಇರಲಾರದು. ಆ ವರ್ಷವನ್ನು ಗೆಜೆಟ್‌ನಲ್ಲಿ ಹುಡುಕಬಹುದು.

ಹೆಂಗಸರ ಹೆಸರುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಬ್ಲೂ ಕ್ರಾಸಿನ ಸ್ಥಾಪಕರೆಂದು ಸಾಮಾನ್ಯವಾಗಿ ಕ್ಯಾಪ್ಟನ್ ವಿ. ಸುಂದರಂ ಅವರೊಬ್ಬರ ಹೆಸರನ್ನೇ ಹೇಳುತ್ತಾರೆ. ಅವರ ಹೆಂಡತಿ ಉಷಾ ಸುಂದರಂ ಆ ಕೆಲಸದಲ್ಲಿ ಮೊದಲ ದಿನದಿಂದ ಜೊತೆಗಿದ್ದವರು. ಅವರು ಬೆಂಗಳೂರಿನ ಜಕ್ಕೂರಿನಲ್ಲಿದ್ದ ಸರ್ಕಾರಿ ವೈಮಾನಿಕ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದ ವಿಮಾನ ಚಾಲಕಿ. ಗಂಡ ಮೈಸೂರು ಮಹಾರಾಜರ ವಿಮಾನ ನಡೆಸಿದವರು, ಅದೇ ಶಾಲೆಯ ಮುಖ್ಯಸ್ಥರಾಗಿದ್ದವರು. ಚೆನ್ನೈನ ಪ್ರಾಣಿ ಸಂಸ್ಥೆಯೊಂದರ ಸ್ಥಾಪಕ ದಂಪತಿಗಳ ಪೂರ್ವಕಥೆ ಹೀಗೆ ಜಕ್ಕೂರಿನ ಕಾಗದಗಳಲ್ಲಿದೆ, ಪ್ರಾಣಿಗಳಿಗೆ ಸಂಬಂಧವೇ ಇಲ್ಲದ ಇಲಾಖೆಯಲ್ಲಿದೆ. ನಿಮ್ಮ ಸಂಸ್ಥೆಯ ಸ್ಥಾಪಕರ ಕಸುಬು ತಿಳಿದೊಡನೆ ಆ ಕಸುಬಿನ ದಾಖಲೆಗಳನ್ನು ಹುಡುಕಬೇಕಾದ ಕಾರಣ ಇದೇ: ವಕೀಲರಾದರೆ ಬಾರ್ ಅಸೋಸಿಯೇಷನ್, ರೈಲ್ವೆಯವರಾದರೆ ಸೇವಾ ಪುಸ್ತಕ, ಪಶುವೈದ್ಯರಾದರೆ ಇಲಾಖೆಯ ಪಟ್ಟಿ. ದಾನಪತ್ರಗಳಲ್ಲಿ 'ಇಂಥವರ ಧರ್ಮಪತ್ನಿ' ಎಂದಷ್ಟೇ ಬರೆದಿರುವ ಹೆಂಗಸು ತವರಿನಿಂದ ಬಂದ ತನ್ನ ಸ್ವಂತ ಆಸ್ತಿಯನ್ನು ಕೊಟ್ಟಿರಬಹುದು. ಆಸ್ತಿ ಅವಳಿಗೆ ಬಂದ ಬಗೆಯನ್ನು ಪತ್ರದ ಆರಂಭದಲ್ಲಿಯೇ ವಿವರಿಸಿರುತ್ತಾರೆ.

ಸ್ಥಾಪಕರು ಊರಿಂದೂರಿಗೆ ಹೋದವರಾದರೆ ಇನ್ನೊಂದು ಉಪಾಯವಿದೆ. ಕ್ರಿಸ್ಟಲ್ ರೋಜರ್ಸ್ ಎಂಬ ಬ್ರಿಟಿಷ್ ಮಹಿಳೆ ದೆಹಲಿಯಲ್ಲಿ ಒಂದು ಪ್ರಾಣಿ ಆಶ್ರಯವನ್ನು ಕಟ್ಟಿ, 1980ರಲ್ಲಿ ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್' ಆರಂಭಿಸಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಎಂದು ಹೆಸರಾದ ಪ್ರಾಣಿ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಬೆಂಗಳೂರಿನಲ್ಲಿ ಮಾತ್ರ ಹುಡುಕುವವರಿಗೆ ಆಕೆ ಎಂಬತ್ತು ದಾಟಿದ ಮುದುಕಿಯಾಗಿ ಥಟ್ಟನೆ ಪ್ರತ್ಯಕ್ಷರಾದಂತೆ ಕಾಣುತ್ತದೆ. ಒಬ್ಬರು ಒಂದು ಆಶ್ರಯವನ್ನು ಕಟ್ಟಿದ್ದರೆ ಅದಕ್ಕೂ ಮೊದಲು ಬೇರೆಡೆ ಕಟ್ಟಿದ್ದಾರೆಯೇ ಎಂದು ವಿಚಾರಿಸುವುದು, ಆ ಸಂಸ್ಥೆಗಳಿಗೆ ಪತ್ರ ಬರೆಯುವುದು ಫಲ ಕೊಡುತ್ತದೆ. ದಂಡಿನ ಕಾಲದ ಯುರೋಪಿಯನ್ನರಾದರೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ವಹಿಗಳನ್ನೂ, ಹೊಸೂರು ರಸ್ತೆಯ ಸ್ಮಶಾನಗಳ ಕಲ್ಲುಗಳನ್ನೂ ನೋಡಬೇಕು.

ಹಿರಿಯರೊಡನೆ ಮಾತು

ಮಾತಾಡಿಸಲು ಅಧ್ಯಕ್ಷರಿಗಿಂತ ಹುಲ್ಲು ಹಾಕುತ್ತಿದ್ದವರು, ಲಾಳ ಕಟ್ಟುತ್ತಿದ್ದವರು, ನಿವೃತ್ತ ಕಾಂಪೌಂಡರು, ಪಕ್ಕದ ಮನೆಯ ಅಜ್ಜಿ ಇವರು ಉತ್ತಮ. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಬದಲಿಗೆ, ಜಯಚಾಮರಾಜ ಒಡೆಯರು ತೀರಿಕೊಂಡಾಗ (1974) ಆ ಕೊಟ್ಟಿಗೆ ಇತ್ತೇ, ತುರ್ತುಪರಿಸ್ಥಿತಿಯಲ್ಲಿ ಅದನ್ನು ಯಾರು ನಡೆಸುತ್ತಿದ್ದರು, ನಿಮ್ಮ ಮದುವೆಯ ಹೊತ್ತಿಗೆ ಅಲ್ಲಿ ಬಾವಿ ತೋಡಿದ್ದರೇ ಎಂದು ಕೇಳಿದರೆ ಉತ್ತರ ಬರುತ್ತದೆ. ಮೊದಲ ಭೇಟಿಯಲ್ಲಿಯೇ ಮೊಬೈಲನ್ನು ಮುಂದಿಟ್ಟು ಧ್ವನಿಮುದ್ರಣಕ್ಕೆ ತೊಡಗದೆ, ಅನುಮತಿ ಕೇಳಿ, ಏತಕ್ಕಾಗಿ ಎಂಬುದನ್ನು ತಿಳಿಸಿ ಆರಂಭಿಸಬೇಕು. ಸಾಧ್ಯವಾದರೆ ಅವರನ್ನು ಆವರಣಕ್ಕೇ ಕರೆದುಕೊಂಡು ಹೋಗಿ. ಗೋಡೆ, ತೊಟ್ಟಿ, ಗೇಟುಗಳನ್ನು ಕಂಡಾಗ ಬರುವ ನೆನಪು ಮನೆಯ ಜಗಲಿಯ ಮೇಲೆ ಬರುವುದಿಲ್ಲ.

ಸ್ಥಾಪಕರ ವಂಶಸ್ಥರು ಸಿಕ್ಕರೆ ಸಂತೋಷವೇ ಸರಿ. ಆದರೆ ಜಮೀನಿನ ಮಾತು ಬಂದೊಡನೆ ಅವರು 'ಆಸ್ತಿಯ ಮೇಲೆ ಹಕ್ಕು ಕೇಳಲು ಬಂದವರೋ' ಎಂದು ಶಂಕಿಸಬಹುದು. ಸಂಸ್ಥೆಯವರಿಗೂ ಅದೇ ಭಯ. ಎರಡು ಕಡೆಯವರಿಗೂ ನಿಮ್ಮ ಉದ್ದೇಶವನ್ನು ಬರಹದಲ್ಲಿ ಕೊಡಿ. ಬದುಕಿರುವವರ ವಿಳಾಸ, ದೂರವಾಣಿ, ಕುಟುಂಬದ ವ್ಯಾಜ್ಯಗಳನ್ನು ಪ್ರಕಟಿಸಬೇಡಿ.

ದಿನಾಂಕವಿಲ್ಲದ ಕಾಗದ

ಬೀರುವಿನಿಂದ ಹೊರಬರುವ ಅರ್ಧದಷ್ಟು ಕಾಗದಗಳಿಗೆ ದಿನಾಂಕವಿರುವುದಿಲ್ಲ. ಆದರೂ ಅವುಗಳ ಕಾಲವನ್ನು ಊಹಿಸಬಹುದು. ಲೆಕ್ಕದಲ್ಲಿ ಆಣೆ, ಪೈಗಳಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ತರುವಾಯದ್ದು. 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ 1973ರ ನವೆಂಬರ್‌ಗಿಂತ ಮುಂಚಿನದೆನ್ನಬಹುದು, ಹಳೆಯ ಲೆಟರ್‌ಹೆಡ್ ಮುಗಿಯುವವರೆಗೆ ಬಳಸುವ ನಮ್ಮ ಮಿತವ್ಯಯವನ್ನು ಗಮನದಲ್ಲಿ ಇಟ್ಟುಕೊಂಡು. ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ಪ್ರಭವ ಎಂದರೆ 1927–28 ಆಗಬಹುದು, 1987–88 ಕೂಡ ಆಗಬಹುದು, ಕಾಗದದ ಬೇರೆ ಲಕ್ಷಣಗಳನ್ನು ನೋಡಿ ತೀರ್ಮಾನಿಸಬೇಕು. ನಿಜಾಮ ಪ್ರಾಂತದ ಫಸಲಿ ಎಂಬ ಕಂದಾಯ ವರ್ಷಕ್ಕೆ ಸ್ಥೂಲವಾಗಿ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ.

ಈ ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಬಾರದು. ಪ್ಲಾಸ್ಟಿಕ್ಕಿನೊಳಗೆ ಬಿಸಿಯಲ್ಲಿ ಅಂಟಿಸಿದ ಹಳೆಯ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ಮೆಲ್ಲನೆ ತೆಗೆದು, ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಷ್ ಇಲ್ಲದೆ ಫೋಟೋ ತೆಗೆದುಕೊಳ್ಳಿ. ಹಾಳೆಯ ಹಿಂಬದಿಯನ್ನೂ ತೆಗೆಯಿರಿ, ಏಕೆಂದರೆ ಗುಮಾಸ್ತರ ಷರಾ ಇರುವುದು ಅಲ್ಲಿಯೇ. ಪ್ರತಿ ಚಿತ್ರದ ಹೆಸರಿನಲ್ಲಿ ಅದು ಯಾವ ಕಟ್ಟಿನದು, ಎಷ್ಟನೆಯ ಹಾಳೆ ಎಂಬುದನ್ನು ಆಗಲೇ ಬರೆದಿಡಬೇಕು.

ಬರೆಯುವಾಗ

ಸಾಮಗ್ರಿ ಒಂದು ಹಂತಕ್ಕೆ ಬಂದಾಗ ಬರಹಕ್ಕೆ ತೊಡಗಿ. ದಾಖಲೆ ಹೇಳುವುದನ್ನು ದಾಖಲೆಯ ಹೆಸರಿನೊಡನೆಯೂ, ಹಿರಿಯರು ಹೇಳಿದ್ದನ್ನು ಹೇಳಿಕೆಯಾಗಿಯೂ, ನಿಮ್ಮ ಊಹೆಯನ್ನು ಊಹೆಯಾಗಿಯೂ ಬೇರೆಬೇರೆಯಾಗಿ ಬರೆಯಬೇಕು. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದರೂ ಅವು ಸ್ವತಂತ್ರವಾದವೇ ಎಂದು ಪರೀಕ್ಷಿಸಿ: ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಲೇಖನ, ಅದನ್ನು ನೋಡಿ ಬರೆದ ಪತ್ರಿಕಾ ವರದಿ, ಆ ವರದಿಯನ್ನು ಓದಿದ ಹಿರಿಯರ ನೆನಪು ಈ ಮೂರೂ ಸೇರಿ ಆಗುವುದು ಒಂದೇ ಸಾಕ್ಷಿ. ಸ್ಮರಣ ಸಂಚಿಕೆಯ ಇಸವಿಗೂ ದಾನಪತ್ರದ ಇಸವಿಗೂ ತಾಳೆಯಾಗದಿದ್ದರೆ ಎರಡನ್ನೂ ಕೊಟ್ಟು, ದಾನಪತ್ರವನ್ನು ಏಕೆ ಹೆಚ್ಚು ನಂಬಿದಿರೆಂದು ಒಂದು ವಾಕ್ಯದಲ್ಲಿ ಹೇಳಿದರೆ ಓದುಗನಿಗೆ ಸಾಕು.

ಗೋಶಾಲೆಯ ಚರಿತ್ರೆ ಇಂದು ರಾಜಕೀಯದ ಮಾತಾಗಿಬಿಡುವುದು ಸುಲಭ. ದಾನಿಗಳ ಪಟ್ಟಿಯಲ್ಲಿ ಇರುವ ಎಲ್ಲ ಜಾತಿ, ಮತಗಳ ಹೆಸರುಗಳನ್ನು ಪೂರ್ತಿಯಾಗಿ ಕೊಡಿ. ಒಂದು ಸಮುದಾಯದ ಹೆಸರುಗಳನ್ನು ಮಾತ್ರ ಆರಿಸಿಕೊಡುವಂತೆ ಯಾರಾದರೂ ಒತ್ತಾಯಿಸಿದರೆ ಮೂಲ ಪಟ್ಟಿಯ ಫೋಟೋವನ್ನೇ ಅಚ್ಚು ಹಾಕಿಬಿಡುವುದು ಕ್ಷೇಮ.

ಮುಗಿದ ಬರಹದ ಪ್ರತಿಯೊಂದಿಗೆ ಕಾಗದಗಳ ಫೋಟೋಗಳನ್ನೂ ಧ್ವನಿಮುದ್ರಣಗಳನ್ನೂ ಸಂಸ್ಥೆಗೆ ಒಂದು ಪ್ರತಿ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಂದು ಪ್ರತಿ, ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ಕೊಟ್ಟು, ಪ್ರತಿಯೊಂದಕ್ಕೂ ಸ್ವೀಕೃತಿ ಪತ್ರ ಬರೆಸಿಕೊಳ್ಳಿ. ಸಂಸ್ಥೆಯ ಸಮಿತಿ ಬದಲಾದಾಗ ಹಳೆಯ ಬೀರು ರದ್ದಿಗೆ ಹೋಗುವ ಸಂಭವ ಹೆಚ್ಚಾದುದರಿಂದ, ಮೂಲ ಕಾಗದಗಳನ್ನು ಎಲ್ಲಿ, ಯಾವ ಕಟ್ಟಿನಲ್ಲಿ ನೋಡಿದಿರೆಂಬ ಪಟ್ಟಿಯನ್ನು ಈ ಮೂರು ಪ್ರತಿಗಳಿಗೂ ಲಗತ್ತಿಸಿರಿ.